ಓರೆ ಬಿಸಿಲಿನ ಲೆಕ್ಕ

ಧಾರವಾಡದ ಕಡೆ ಹುಟ್ಟಿ, ಮಾಗೋಡಿನಲ್ಲಿ ಧುಮುಕಿ, ಬೇಡ್ತಿ ಎಂಬ ಹೆಸರನ್ನು ಘಟ್ಟದ ಮೇಲೆಯೇ ಬಿಟ್ಟು ಬರುವ ಗಂಗಾವಳಿ ನದಿ ಅಂಕೋಲಾ ತಾಲೂಕಿನ ಮಂಜಗುಣಿಯಲ್ಲಿ ಕಡಲು ಸೇರುತ್ತದೆ. ಈಚೆ ದಡದಲ್ಲಿ ಮಂಜಗುಣಿ, ಆಚೆ ದಡದಲ್ಲಿ ಗಂಗಾವಳಿ ಊರು, ಅದರಾಚೆ ಗೋಕರ್ಣದ ದಾರಿ. ಇಳಿತದ ಹೊತ್ತಿಗೆ ಅಳಿವೆಯ ಮರಳು ಬಯಲಾಗುತ್ತದೆ. ನಡುಮಧ್ಯಾಹ್ನ ಅದನ್ನು ನೋಡಿದರೆ ಬರೀ ಬಿಳಿ ಹಾಸು. ಕಣ್ಣು ಕುಕ್ಕುತ್ತದೆಯೇ ಹೊರತು ಏನೂ ಕಾಣುವುದಿಲ್ಲ. ಇಳಿತ ಸಂಜೆಗೆ ಬಿದ್ದ ದಿನ ಅದೇ ಮರಳನ್ನು ನೋಡಬೇಕು. ತೆರೆ ಬಿಟ್ಟುಹೋದ ಬೆರಳಗಲದ ಸುಕ್ಕುಗಳು, ಏಡಿಯ ಬಿಲದ ಬಾಯಿ, ಯಾರದೋ ಹಿಮ್ಮಡಿ ಊರಿದ ಗುಂಡಿ, ಎಲ್ಲವೂ ಎದ್ದು ನಿಲ್ಲುತ್ತವೆ. ಮರಳು ಬದಲಾಗಿಲ್ಲ. ಸೂರ್ಯ ಇಳಿದಿದ್ದಾನೆ, ಅಷ್ಟೆ.

ಆ ಸುಕ್ಕು ಎಷ್ಟು ಓರೆಯಾಗಿದೆ ಎಂದು ಮುಟ್ಟದೆ, ಬರೀ ನೋಡಿ ಹೇಳಬಹುದೇ? ದಂಡೆಯಲ್ಲಿ ನಿಂತವರಿಗೆ ಈ ಪ್ರಶ್ನೆ ಬೇಕಿಲ್ಲ, ಕಾಲಿಟ್ಟರೆ ಗೊತ್ತಾಗುತ್ತದೆ. ಕಾಲಿಡಲಾಗದ ನೆಲಕ್ಕೆ ಯಂತ್ರವೊಂದನ್ನು ಕಳಿಸಬೇಕಾದಾಗ ಮಾತ್ರ ಅದು ನೂರಾರು ಕೋಟಿ ರೂಪಾಯಿಯ ಪ್ರಶ್ನೆಯಾಗುತ್ತದೆ.

2023ರ ಆಗಸ್ಟ್ 23, ನಿಜ ಶ್ರಾವಣದ ಶುದ್ಧ ಸಪ್ತಮಿ. ಬೆಂಗಳೂರಿನ ಪೀಣ್ಯದ ಇಸ್ಟ್ರಾಕ್ ಕೇಂದ್ರದಲ್ಲಿ ಇಸ್ರೋದವರು ಪರದೆಗಳ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು. ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ನಾಲ್ಕು ಕಾಲೂರಿ ನಿಂತಿತು. ಅಲ್ಲಿಯೂ ಆಗ ಓರೆ ಬಿಸಿಲೇ. ಚಂದ್ರನ ಆ ಭಾಗಕ್ಕೆ ಬೆಳಗಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಸೂರ್ಯ ದಿಗಂತದಿಂದ ಹತ್ತು ಡಿಗ್ರಿಯೂ ಮೇಲೇರಿರಲಿಲ್ಲ.

ಇಳಿಯಿತು ಎಂಬುದಕ್ಕಿಂತ ನಿಂತಿತು ಎಂಬುದು ಇಲ್ಲಿ ದೊಡ್ಡ ಮಾತು. ಆರು ತಿಂಗಳ ನಂತರ, 2024ರ ಫೆಬ್ರವರಿಯಲ್ಲಿ, ಅಮೆರಿಕದ ಖಾಸಗಿ ಲ್ಯಾಂಡರ್ ಒಡಿಸಿಯಸ್ ಚಂದ್ರನ ದಕ್ಷಿಣದಲ್ಲಿ ಇಳಿದು ವಾಲಿಬಿತ್ತು. 2025ರ ಮಾರ್ಚ್‌ನಲ್ಲಿ ಅದರ ತಂಗಿಯಂತಿದ್ದ ಅಥೀನಾ ಒಂದು ಕುಳಿಯೊಳಗೆ ಮಗುಚಿಕೊಂಡಿತು. ಚಂದ್ರನನ್ನು ಮುಟ್ಟುವುದು ಒಂದು ವಿದ್ಯೆ, ಮುಟ್ಟುವ ಜಾಗ ಎಷ್ಟು ಇಳಿಜಾರಾಗಿದೆ ಎಂದು ಮೊದಲೇ ತಿಳಿಯುವುದು ಇನ್ನೊಂದು. ಈ ಎರಡನೆಯದರ ಚರಿತ್ರೆ ಚಂದ್ರನೌಕೆಗಳ ಚರಿತ್ರೆಗಿಂತ ಬಹಳ ಹಳೆಯದು.

ಮೊದಲು ಅದರ ಹಿಂದಿನ ಲೆಕ್ಕ. ಸುಣ್ಣ ಬಳಿದ ಗೋಡೆಯಂಥ ಹೊಳಪಿಲ್ಲದ ಮೈಯ ಮೇಲೆ ಬೆಳಕು ಎಷ್ಟು ನೆಟ್ಟಗೆ ಬೀಳುತ್ತದೋ ಅದು ಅಷ್ಟು ಬೆಳ್ಳಗೆ ಕಾಣುತ್ತದೆ. 1760ರಲ್ಲಿ ಯೋಹಾನ್ ಹೈನ್ರಿಕ್ ಲ್ಯಾಂಬರ್ಟ್ ಇದನ್ನು ನಿಯಮವಾಗಿ ಬರೆದಿಟ್ಟ: ಬೆಳಕು ಬೀಳುವ ಕೋನದ ಕೊಸೈನ್ ಎಷ್ಟೋ, ಕಾಣುವ ಬೆಳಗು ಅಷ್ಟು. ಸೂರ್ಯ ದಿಗಂತದಿಂದ 20 ಡಿಗ್ರಿ ಮೇಲಿದ್ದಾನೆ ಎನ್ನಿ. ಸೂರ್ಯನ ಕಡೆಗೆ ಬರೀ 5 ಡಿಗ್ರಿ ಮುಖ ಎತ್ತಿದ ನೆಲ ಮಟ್ಟಸ ನೆಲಕ್ಕಿಂತ ಶೇ 24ರಷ್ಟು ಹೆಚ್ಚು ಬೆಳಗುತ್ತದೆ. ಆಚೆಗೆ 5 ಡಿಗ್ರಿ ವಾಲಿದ್ದು ಅಷ್ಟೇ ಮಂಕಾಗುತ್ತದೆ. ಸೂರ್ಯ ನೆತ್ತಿಯ ಮೇಲಿದ್ದರೆ ಅದೇ 5 ಡಿಗ್ರಿಯಿಂದ ಆಗುವ ವ್ಯತ್ಯಾಸ ಶೇ ಅರ್ಧವೂ ಇಲ್ಲ. ಮಂಜಗುಣಿಯ ಮಧ್ಯಾಹ್ನಕ್ಕೂ ಸಂಜೆಗೂ ಇರುವ ಅಂತರ ಇಷ್ಟೇ.

ಹಾಗಿದ್ದರೆ ಚಿತ್ರದ ಪ್ರತಿ ಚುಕ್ಕೆಯ ಬೆಳಗನ್ನು ಅಳೆದು, ಕೊಸೈನನ್ನು ತಿರುವುಮುರುವು ಮಾಡಿದರೆ ಇಳಿಜಾರು ಕೈಗೆ ಬರಬೇಕಲ್ಲ? ಬರುವುದಿಲ್ಲ. ಒಂದು ಚುಕ್ಕೆ ಕೊಡುವುದು ಒಂದೇ ಅಂಕಿ. ಇಳಿಜಾರಿಗೆ ಎರಡು ಬೇಕು, ಪೂರ್ವ-ಪಶ್ಚಿಮಕ್ಕೆ ಒಂದು, ದಕ್ಷಿಣೋತ್ತರಕ್ಕೆ ಒಂದು. ಪಶ್ಚಿಮದ ಸೂರ್ಯನಿಗೆ ಉತ್ತರಕ್ಕೆ 5 ಡಿಗ್ರಿ ವಾಲಿದ ನೆಲ ಹೆಚ್ಚುಕಡಿಮೆ ಮಟ್ಟಸ ನೆಲದ ಹಾಗೆಯೇ ಕಾಣುತ್ತದೆ. ಮೇಲಾಗಿ ನೆಲದ ಬಣ್ಣ ಎಲ್ಲ ಕಡೆ ಒಂದೇ ಆಗಿರಬೇಕೆಂದೂ ಇಲ್ಲ. ಚಂದ್ರನಲ್ಲಿ ನಾವು ಕಾಣುವ ಮೊಲವನ್ನೇ ತೆಗೆದುಕೊಳ್ಳಿ. ಅದು ಗುಡ್ಡವೂ ಅಲ್ಲ, ಕಣಿವೆಯೂ ಅಲ್ಲ. ಹಳೆಯ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಬಯಲು. ಬೆಳಗನ್ನಷ್ಟೇ ನಂಬುವ ಸಾಫ್ಟ್‌ವೇರಿಗೆ ಆ ಮೊಲ ಇಳಿಜಾರಾಗಿಯೇ ಕಾಣುತ್ತದೆ. ಬೆಳಕು ಸುಳ್ಳು ಹೇಳುವುದಿಲ್ಲ, ಆದರೆ ಅರ್ಧ ಮಾತು ನುಂಗಿಕೊಳ್ಳುತ್ತದೆ. ಹಾಗಾಗಿ ಈ ವಿದ್ಯೆಯಲ್ಲಿ ಕೈಯಾಡಿಸಿದವರೆಲ್ಲ ಕಾಲಕಾಲಕ್ಕೆ ಹುಡುಕಿದ್ದು ಎರಡನೆಯ ಸಾಕ್ಷಿಯನ್ನು.

ಹಾಗೆ ಸಿಕ್ಕವುಗಳಲ್ಲಿ ಮೊದಲನೆಯದು ಚಿತ್ರಕಾರನ ಕಣ್ಣು. 1609ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕ ಹಿಡಿದು ಚಂದ್ರನನ್ನು ನೋಡಿ, ಕತ್ತಲು-ಬೆಳಕಿನ ಗಡಿಯನ್ನು ಒಂದು ಹರಕುಮುರುಕು ಗೆರೆಯಾಗಿ ಬರೆದ. ಅದೇ ವರ್ಷದ ಕೊನೆಗೆ ಪಡುವಾದಲ್ಲಿ ಗೆಲಿಲಿಯೋ ಅದೇ ಗೆರೆಯಲ್ಲಿ ಬೆಟ್ಟಗಳನ್ನು ಕಂಡ. ನೆರಳು-ಬೆಳಕು ತುಂಬಿ ಉಬ್ಬು-ತಗ್ಗು ತೋರಿಸುವ ಚಿತ್ರಕಲೆಯ ಪಾಠ ಇಟಲಿಯಲ್ಲಿ ಬೆಳೆದವನಿಗೆ ಗೊತ್ತಿತ್ತು. ಕತ್ತಲ ಭಾಗದೊಳಗೆ ಒಂಟಿಯಾಗಿ ಮಿನುಗುವ ಚುಕ್ಕೆ ಎಂದರೆ ಸೂರ್ಯೋದಯ ಮೊದಲು ತಾಗಿದ ಶಿಖರ ಎಂದು ಆತ ಊಹಿಸಿದ. ಗಡಿಯಿಂದ ಆ ಚುಕ್ಕೆಗೆ ಇರುವ ದೂರ ಚಂದ್ರನ ವ್ಯಾಸದ ಇಪ್ಪತ್ತನೇ ಒಂದು ಪಾಲು ಎಂದು ಹಿಡಿದು, ಲಂಬಕೋನ ತ್ರಿಭುಜದ ಲೆಕ್ಕ ಹಾಕಿ, ಬೆಟ್ಟ ನಾಲ್ಕು ಮೈಲಿಗೂ ಎತ್ತರ ಎಂದ. ಇದು ನೆರಳಿನ ತುದಿಯ ಲೆಕ್ಕ. ನೆರಳು ಬೀಳದ ತಗ್ಗು ದಿಬ್ಬಗಳಿಗೆ ಇದು ಸಲ್ಲುವುದಿಲ್ಲ. ಅಲ್ಲಿ ಛಾಯೆಯ ಏರಿಳಿತವನ್ನೇ ಓದಬೇಕು. ಅದಕ್ಕೆ ಇನ್ನೂ ಮುನ್ನೂರು ವರ್ಷ ಹಿಡಿಯಿತು.

ತಡವಾದದ್ದಕ್ಕೆ ಚಂದ್ರನೇ ಕಾರಣ. ಸುಣ್ಣದ ಉಂಡೆಗೆ ನೇರ ಬೆಳಕು ಬಿಟ್ಟರೆ ನಡು ಬೆಳ್ಳಗಿದ್ದು ಅಂಚು ಮಂಕಾಗಬೇಕು. ಹುಣ್ಣಿಮೆ ಚಂದ್ರ ಹಾಗಿಲ್ಲ, ಅಂಚಿನಿಂದ ಅಂಚಿಗೆ ಒಂದೇ ಸಮ, ಬೆಳ್ಳಿ ತಟ್ಟೆಯಂತೆ. ಅಲ್ಲಿನ ದೂಳು ಎಷ್ಟು ಸಡಿಲ, ಎಷ್ಟು ರಂಧ್ರಮಯ ಎಂದರೆ ಲ್ಯಾಂಬರ್ಟನ ನಿಯಮಕ್ಕೆ ಅದು ಬಗ್ಗುವುದಿಲ್ಲ. ಬೆಟ್ಟ ನೋಡಬೇಕಾದವರು ಹುಣ್ಣಿಮೆಗೆ ಕಾಯದೆ ಅಷ್ಟಮಿಯ ಆಸುಪಾಸಿನಲ್ಲಿ ನೋಡಬೇಕು ಎಂಬುದು ದೂರದರ್ಶಕ ಇಟ್ಟುಕೊಂಡವರಿಗೆಲ್ಲ ತಿಳಿದದ್ದೇ. ಚಂದ್ರನ ಮೈ ಬೆಳಕನ್ನು ಹೇಗೆ ಚೆದುರಿಸುತ್ತದೆ ಎಂಬುದಕ್ಕೆ ಬೇರೆಯೇ ಸೂತ್ರ ಬೇಕಾಯಿತು. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಲೊಮೆಲ್ ಮತ್ತು ಸೀಲಿಗರ್ ಒಂದನ್ನು ಕೊಟ್ಟರು. ಆ ಸೂತ್ರಕ್ಕೆ ಒಂದು ವಿಚಿತ್ರ ಗುಣವಿದೆ: ಸೂರ್ಯ, ನೆಲ, ಕ್ಯಾಮೆರಾ ಮೂರೂ ಕೂಡುವ ಸಮತಲದಲ್ಲಿ ನೆಲ ಎಷ್ಟು ವಾಲಿದೆ ಎಂಬುದಷ್ಟೇ ಅದಕ್ಕೆ ಮುಖ್ಯ, ಅಡ್ಡ ಓರೆಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಲೆ ಹೇಳಿದ ಎರಡು ಅಂಕಿಗಳ ತಗಾದೆ ಇದರಿಂದ ಅರ್ಧ ಇತ್ಯರ್ಥವಾದಂತೆ. ಚಂದ್ರನ ದೂಳು ಸುಣ್ಣದಂತಿದ್ದರೆ ಲೆಕ್ಕ ಇನ್ನೂ ತೊಡಕಾಗುತ್ತಿತ್ತು.

ಇದನ್ನು ಮೊದಲು ಕೆಲಸಕ್ಕೆ ಹಚ್ಚಿದವನು ಡಚ್ ಖಗೋಳಜ್ಞ ಯೋಹಾನೆಸ್ ವಾನ್ ಡಿಗ್ಗೆಲೆನ್. 1951ರಲ್ಲಿ ಆತ ಚಂದ್ರನ ಕಪ್ಪು ಬಯಲುಗಳಲ್ಲಿ ಹಾಸಿಕೊಂಡಿರುವ, ನೆರಳೇ ಬೀಳದಷ್ಟು ತಗ್ಗಾದ ದಿಬ್ಬಸಾಲುಗಳ ಇಳಿಜಾರನ್ನು ಛಾಯಾಚಿತ್ರದ ಬೆಳಗಿನಿಂದ ಅಳೆದ. ಕಂಪ್ಯೂಟರ್ ಇರಲಿಲ್ಲ. ಗಾಜಿನ ಫಲಕದ ಕಪ್ಪನ್ನು ಗೆರೆಗೆರೆಯಾಗಿ ಅಳೆದು, ಕೈಯಲ್ಲೇ ಲೆಕ್ಕ ಹಾಕುವ ಕಾಲ ಅದು.

ಹದಿಮೂರು ವರ್ಷಗಳಲ್ಲಿ ಎಲ್ಲವೂ ಬದಲಾಯಿತು. 1964ರ ಜುಲೈ 31ರಂದು ರೇಂಜರ್-7 ನೌಕೆ ಚಂದ್ರನಿಗೆ ಡಿಕ್ಕಿ ಹೊಡೆಯುವ ಮುನ್ನ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಳಿಸಿತು. ಮನುಷ್ಯನನ್ನು ಇಳಿಸಲು ಹೊರಟವರಿಗೆ ನೆಲ ಮಟ್ಟಸವೋ ಓರೆಯೋ ಎಂಬ ಚಿಂತೆ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ಥಾಮಸ್ ರಿಂಡ್‌ಫ್ಲೈಶ್ ಆ ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ ಎತ್ತರದ ರೇಖೆಗಳನ್ನು ತೆಗೆಯುವ ದಾರಿಯನ್ನು 1966ರಲ್ಲಿ ಪ್ರಕಟಿಸಿದ. ಗ್ರಹಗಳ ಚಿತ್ರದ ಬೆಳಗಿನಿಂದ ಇಳಿಜಾರು ಎಣಿಸುವ ಸಾಫ್ಟ್‌ವೇರಿನ ಹುಟ್ಟುಹಬ್ಬ ಆಚರಿಸುವುದಾದರೆ ಆ ವರ್ಷವನ್ನೇ ಹಿಡಿಯಬೇಕು. ಈ ವಿದ್ಯೆಗೆ ಫೋಟೋಕ್ಲಿನೋಮೆಟ್ರಿ ಎಂಬ ಹೆಸರು ನಿಂತಿತು; ಬೆಳಕಿನಿಂದ ಓರೆ ಅಳೆಯುವುದು ಎಂದರ್ಥ.

ಅದರ ನಡೆ ಹೀಗೆ. ಸೂರ್ಯನ ದಿಕ್ಕಿಗೆ ಒಂದು ಗೆರೆ ಎಳೆದುಕೊಳ್ಳುವುದು. ಗೆರೆಯ ಮೊದಲ ಚುಕ್ಕೆಯ ಬೆಳಗಿನಿಂದ ಅಲ್ಲಿನ ಓರೆ, ಓರೆಯಿಂದ ಮುಂದಿನ ಚುಕ್ಕೆಯ ಎತ್ತರ, ಅಲ್ಲಿಂದ ಅದರ ಮುಂದಿನದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನು ಪಾದದ ಓರೆಯನ್ನಷ್ಟೇ ನಂಬಿ ಗುಡ್ಡ ಹತ್ತಿ ಇಳಿದು ಎತ್ತರ ಎಣಿಸಿದ ಹಾಗೆ. ಒಂದು ಹೆಜ್ಜೆಯ ಚಿಕ್ಕ ತಪ್ಪು ಮುಂದಿನ ಎಲ್ಲ ಹೆಜ್ಜೆಗೂ ಅಂಟಿಕೊಳ್ಳುತ್ತದೆ. ಪಕ್ಕದ ಗೆರೆಯಲ್ಲಿ ನಡೆಯುವವನ ತಪ್ಪೇ ಬೇರೆ. ಕೊನೆಗೆ ಎಲ್ಲ ಗೆರೆಗಳನ್ನು ಜೋಡಿಸಿದಾಗ ನೆಲದ ಮೇಲೆ ಇಲ್ಲದ ಉಳುಮೆ ಸಾಲುಗಳು ನಕ್ಷೆಯ ಮೇಲೆ ಮೂಡುತ್ತವೆ. 1966-67ರಲ್ಲಿ ಹಾರಿದ ಐದು ಲೂನಾರ್ ಆರ್ಬಿಟರ್ ನೌಕೆಗಳ ಚಿತ್ರಗಳಿಂದ ಅಪೊಲೊ ಇಳಿದಾಣಗಳ ಇಳಿಜಾರು ತೆಗೆಯಲು ನಾಸಾದವರು ಇದನ್ನೇ ಬಳಸಿದರು. ಆ ನೌಕೆಗಳು ಫಿಲ್ಮನ್ನು ಚಂದ್ರನ ಸುತ್ತಲೇ ತೊಳೆದು, ಪಟ್ಟಿಪಟ್ಟಿಯಾಗಿ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದವು. ಪಟ್ಟಿಗಳ ಅಂಚಿನ ಗೆರೆಗಳೇ ಸಾಲದು ಎಂಬಂತೆ ಲೆಕ್ಕದ ಗೆರೆಗಳೂ ಸೇರಿಕೊಂಡವು.

ಇದೇ ಹೊತ್ತಿಗೆ ಎಂಐಟಿಯಲ್ಲಿ ಬರ್ಟೋಲ್ಡ್ ಹಾರ್ನ್ ಎಂಬ ವಿದ್ಯಾರ್ಥಿ, ರೋಬೋಟಿಗೆ ಕಣ್ಣು ಕೊಡುವ ಹಂಬಲದಲ್ಲಿ, ಒಂದೇ ಚಿತ್ರದ ಛಾಯೆಯಿಂದ ವಸ್ತುವಿನ ಆಕಾರ ತಿಳಿಯುವುದು ಹೇಗೆ ಎಂದು ಪಿಎಚ್‌.ಡಿ. ಪ್ರಬಂಧ ಬರೆದ. ವರ್ಷ 1970. ಚಂದ್ರನವರು ಮಾಡಿದ್ದು ತನ್ನ ದೊಡ್ಡ ಸಮಸ್ಯೆಯ ಒಂದು ಸುಲಭದ ಮೂಲೆ ಎಂದು ಆತ ತೋರಿಸಿಕೊಟ್ಟ. ಅಲ್ಲಿಂದ ‘ಛಾಯೆಯಿಂದ ಆಕಾರ’ ಎಂಬುದು ಕಂಪ್ಯೂಟರ್ ದೃಷ್ಟಿಯ ಪಾಠಪುಸ್ತಕಗಳ ಒಂದು ಅಧ್ಯಾಯವಾಯಿತು. ಆ ಹಾದಿಯಲ್ಲಿ ಬೆಂಗಳೂರಿನ ಹೆಜ್ಜೆಯೂ ಇದೆ: ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಊರವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1977ರಲ್ಲಿ ಎಂ.ಇ. ಮುಗಿಸಿ ಅಮೆರಿಕಕ್ಕೆ ಹೋದ ರಾಮ ಚೆಲ್ಲಪ್ಪ, 1991ರಲ್ಲಿ ಚಿನ್‌ಫೆನ್ ಝೆಂಗ್ ಜತೆ ಬರೆದ ಪ್ರಬಂಧದಲ್ಲಿ ಬೆಳಕು ಬಂದ ದಿಕ್ಕು, ಮೈಬಣ್ಣ, ಆಕಾರ ಮೂರನ್ನೂ ಒಂದೇ ಚಿತ್ರದಿಂದ ಊಹಿಸುವ ದಾರಿ ತೋರಿಸಿದರು. ಗ್ರಹಗಳ ಚಿತ್ರ ಓದುವವರಿಗೆ ಈ ಮೂರರಲ್ಲಿ ಒಂದು ಕಷ್ಟವಿಲ್ಲ. ಯಾವ ಕ್ಷಣ ಸೂರ್ಯ ಎಲ್ಲಿದ್ದ ಎಂದು ಪಂಚಾಂಗದವರಿಗೆ ಗೊತ್ತಿರುವ ಹಾಗೆ ಅವರಿಗೂ ಗೊತ್ತು.

ಅರ್ಧ ಮಾತನ್ನು ಪೂರ್ತಿ ಎಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಮಂಗಳನ ಮುಖಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 1976ರ ಜುಲೈ 25ರಂದು ವೈಕಿಂಗ್-1 ಸೈಡೋನಿಯಾ ಎಂಬಲ್ಲಿ ತೆಗೆದ ಚಿತ್ರದಲ್ಲಿ ಒಂದು ಗುಡ್ಡ ಮನುಷ್ಯನ ಮೋರೆಯಂತೆ ಆಕಾಶ ನೋಡುತ್ತಿತ್ತು. ಓರೆ ಬಿಸಿಲು, ಒಂದು ಮಗ್ಗುಲು ಪೂರಾ ಕತ್ತಲು. ಮೂಗಿನ ಹೊಳ್ಳೆಯಂತೆ ಕಂಡದ್ದು ರೇಡಿಯೋ ಸಂದೇಶದಲ್ಲಿ ಕಳೆದುಹೋದ ಒಂದು ಚುಕ್ಕೆ. 1988ರಲ್ಲಿ ಮಾರ್ಕ್ ಕಾರ್ಲೊಟ್ಟೊ ಎಂಬ ತಜ್ಞ ಇದೇ ಛಾಯೆಯಿಂದ ಆಕಾರದ ಲೆಕ್ಕ ಹಚ್ಚಿ, ಮುಖದ ರೂಪ ಬರೀ ಬೆಳಕಿನಾಟವಲ್ಲ ಎಂದು ಗಂಭೀರ ಪತ್ರಿಕೆಯಲ್ಲೇ ಬರೆದ. 1998ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಹತ್ತಿರದಿಂದ ನೋಡಿತು, 2001ರಲ್ಲಿ ಮತ್ತೊಮ್ಮೆ ನೋಡಿತು. ಕಂಡದ್ದು ಗಾಳಿ ತಿಂದ ಒಂದು ಮೋಟು ಗುಡ್ಡ. ಸಾಫ್ಟ್‌ವೇರ್ ತಪ್ಪಿರಲಿಲ್ಲ ಎನ್ನುವುದೇ ಇಲ್ಲಿನ ಸ್ವಾರಸ್ಯ. ಕೊಟ್ಟ ಒರಟು ಚಿತ್ರಕ್ಕೆ ಹೊಂದುವ ಒಂದು ಆಕಾರವನ್ನು ಅದು ಪ್ರಾಮಾಣಿಕವಾಗಿಯೇ ಕೊಟ್ಟಿತ್ತು. ಕತ್ತಲೊಳಗಿದ್ದ ಮಗ್ಗುಲನ್ನು ಅದಾದರೂ ಎಲ್ಲಿಂದ ತರಬೇಕು?

ಮಂಗಳನಲ್ಲಿ ಇನ್ನೊಂದು ತೊಡಕು, ದೂಳು ತುಂಬಿದ ಗಾಳಿ. ಮೇಲಿನ ಮಬ್ಬು ಎಲ್ಲ ಚುಕ್ಕೆಗಳಿಗೂ ಒಂದಷ್ಟು ಬೆಳಕು ಸೇರಿಸುತ್ತದೆ. ಅದನ್ನು ಕಳೆಯದಿದ್ದರೆ ಕಡಿದಾದ ದರೆಯೂ ಮೆತ್ತಗೆ ಕಾಣುತ್ತದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ರ‍್ಯಾಂಡೊಲ್ಫ್ ಕರ್ಕ್ ಇದರೊಂದಿಗೆ ವರ್ಷಗಟ್ಟಲೆ ಗುದ್ದಾಡಿದವನು. 1987ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಬರೆದ ಪ್ರಬಂಧದಲ್ಲಿ ಆತ ಒಂಟಿ ಗೆರೆಗಳ ನಡಿಗೆಯನ್ನು ಬಿಟ್ಟು, ಇಡೀ ಚಿತ್ರವನ್ನು ಒಂದು ಬಲೆಯಾಗಿ ಹಾಸಿ, ಎಲ್ಲ ಗಂಟುಗಳ ಎತ್ತರವನ್ನೂ ಒಟ್ಟಿಗೆ ಬಿಡಿಸುವ ವೇಗದ ಕ್ರಮ ಕಟ್ಟಿದ. ಉಳುಮೆ ಸಾಲು ಮಾಯವಾಯಿತು. 2004ರಲ್ಲಿ ಸ್ಪಿರಿಟ್, ಆಪರ್ಚುನಿಟಿ ರೋವರ್‌ಗಳು ಮಂಗಳನಲ್ಲಿ ಇಳಿಯುವ ಮುನ್ನ ಅವುಗಳ ಜಾಗದ ಇಳಿಜಾರನ್ನು ಅವನ ತಂಡ ಅಳೆದಿತ್ತು. ಜೋಡಿ ಚಿತ್ರ ಸಿಕ್ಕ ಕಡೆ ಅದರಿಂದ, ಸಿಗದ ಕಡೆ ಛಾಯೆಯಿಂದ. ಮಬ್ಬಿಗೆ ಎಷ್ಟು ಕಳೆಯಬೇಕು ಎಂಬುದನ್ನು ಗೊತ್ತಿರುವ ಎತ್ತರಗಳಿಗೆ ತಾಳೆ ನೋಡಿ.

ಜೋಡಿ ಚಿತ್ರ ಎಂದೆವಲ್ಲ, ಎರಡನೆಯ ಸಾಕ್ಷಿಗಳಲ್ಲಿ ಅದೇ ಗಟ್ಟಿ. ಎರಡು ಕಣ್ಣಿಂದ ನೋಡಿದಾಗ ದೂರ ತಿಳಿಯುವಂತೆ, ಒಂದೇ ನೆಲವನ್ನು ಎರಡು ಕೋನದಿಂದ ತೆಗೆದರೆ ಎತ್ತರ ತಿಳಿಯುತ್ತದೆ. ಭಾರತದ ಚಂದ್ರಯಾತ್ರೆ ಶುರುವಾದದ್ದು ಇಲ್ಲಿಂದಲೇ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಭೂಚಿತ್ರ ಕ್ಯಾಮೆರಾ ಮುಂದಕ್ಕೆ, ಕೆಳಕ್ಕೆ, ಹಿಂದಕ್ಕೆ ಮೂರು ಕಣ್ಣು ಬಿಟ್ಟು 5 ಮೀಟರಿನಷ್ಟು ಸೂಕ್ಷ್ಮವಾಗಿ ನೆಲ ನೋಡುತ್ತಿತ್ತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲಿ ಅದರ ಹಿಂದೆ ದುಡಿದವರಲ್ಲಿ ಮುಖ್ಯರು ಹಾಸನ ಜಿಲ್ಲೆಯ ಆಲೂರಿನ ಎ.ಎಸ್. ಕಿರಣ್ ಕುಮಾರ್, ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಓದಿ, ಮುಂದೆ 2015ರಲ್ಲಿ ಇಸ್ರೋ ಅಧ್ಯಕ್ಷರಾದವರು. ಆ ಚಿತ್ರಗಳು ಬಂದು ಬೀಳುತ್ತಿದ್ದದ್ದು ಬೆಂಗಳೂರಿನ ಹೊರಗಿನ ಬ್ಯಾಲಾಳಿನ ಡಿಶ್ಶುಗಳಿಗೆ.

ಚಂದ್ರಯಾನ-2ರ ಹೊತ್ತಿಗೆ ಕಣ್ಣು ಇನ್ನೂ ಚುರುಕಾಯಿತು. ಅದರ ಸೂಕ್ಷ್ಮ ಕ್ಯಾಮೆರಾ ಓಎಚ್‌ಆರ್‌ಸಿ ನೂರು ಕಿಲೋಮೀಟರ್ ಮೇಲಿಂದ ಸುಮಾರು 25 ಸೆಂಟಿಮೀಟರ್, ಅಂದರೆ ಒಂದು ಗೇಣಿನಷ್ಟನ್ನು ಒಂದು ಚುಕ್ಕೆಯಾಗಿ ಕಾಣುತ್ತದೆ. ಒಂದೇ ಜಾಗವನ್ನು ಬೇರೆ ಬೇರೆ ಸುತ್ತಿನಲ್ಲಿ ಬೇರೆ ಕೋನದಿಂದ ತೆಗೆದು ಜೋಡಿ ಮಾಡುವುದು ಅದರ ಕ್ರಮ. 2019ರ ವಿಕ್ರಮ್ 12 ಡಿಗ್ರಿಯವರೆಗಿನ ಓರೆಯಲ್ಲಿ ನಿಲ್ಲಬಲ್ಲಂತೆ ತಯಾರಾಗಿತ್ತು. ಸೆಪ್ಟೆಂಬರ್ 7ರ ಬೆಳಗಿನ ಜಾವ ಅದು ನಿಲ್ಲಲಿಲ್ಲ; ಆದರೆ ತಪ್ಪು ನೆಲದ್ದಾಗಿರಲಿಲ್ಲ. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ದಬ್ಬಿದವು, ತಪ್ಪುಗಳು ಒಂದರ ಮೇಲೊಂದು ಪೇರಿಕೊಂಡವು, ಇಳಿಯಬೇಕಿದ್ದ ಜಾಗ 500 ಮೀಟರ್ ಉದ್ದಗಲದ ಪುಟ್ಟ ಚೌಕ. ಆ ಚೌಕವನ್ನು ಮುಟ್ಟಲು ಹೆಣಗುತ್ತಲೇ ವಿಕ್ರಮ್ ಬಿತ್ತು.

ಚಂದ್ರಯಾನ-3ಕ್ಕೆ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಹೇಳಲು ಒಂದು ಸಾಲು. ಮಾಡಲು ಅಷ್ಟೂ ನೆಲದ ಇಳಿಜಾರು, ಕುಳಿ, ಬಂಡೆಗಳನ್ನು ಮೊದಲೇ ಲೆಕ್ಕ ಹಾಕಿರಬೇಕು. ಅದು ಸಾಧ್ಯವಾದದ್ದು ಸೋತ ಯಾತ್ರೆಯಿಂದಲೇ. ಬಿದ್ದ ಲ್ಯಾಂಡರಿನ ಜತೆ ಹೋಗಿದ್ದ ಆರ್ಬಿಟರ್ ಮೇಲೆ ಸುತ್ತುತ್ತಲೇ ಇತ್ತು, ಗೇಣುಗೇಣಿನ ಚಿತ್ರ ಕಳಿಸುತ್ತಲೇ ಇತ್ತು.

ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಕೊನೆಯ ಕ್ಷಣಕ್ಕೆ ಲ್ಯಾಂಡರಿಗೇ ಕಣ್ಣು ಬೇಕು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ನೆಲ ಅಗೆದು ಚಂದ್ರನ ಕುಳಿಗಳನ್ನು ಕೃತಕವಾಗಿ ಮಾಡಿ, ಅವುಗಳ ಮೇಲೆ ವಿಮಾನ ಹಾರಿಸಿ ಆ ಕಣ್ಣಿನ ಉಪಕರಣಗಳನ್ನು ಪರೀಕ್ಷಿಸಿತ್ತು. ಕುರಿ ಮೇಯುವ ಕಾವಲು ಕೆಲ ದಿನ ಚಂದ್ರಲೋಕವಾಯಿತು. ಲ್ಯಾಂಡರ್ ತಾನು ಎಲ್ಲಿದ್ದೇನೆಂದು ನೆಲದ ಗುರುತಿನಿಂದ ಪತ್ತೆಹಚ್ಚುವ ಕ್ಯಾಮೆರಾ, ಲೇಸರ್ ಎತ್ತರಮಾಪಕ ಇವೆಲ್ಲ ಬೆಂಗಳೂರಿನ ಪೀಣ್ಯದ ಲಿಯೋಸ್ ಪ್ರಯೋಗಾಲಯದ ಕೆಲಸ. ಅಪಾಯ ಗುರುತಿಸುವ ಕ್ಯಾಮೆರಾ ಅಹಮದಾಬಾದಿನದು. ಆ ಆಗಸ್ಟ್ ಸಂಜೆ ವಿಕ್ರಮ್ ಸುಮಾರು 150 ಮೀಟರ್ ಎತ್ತರದಲ್ಲಿ ತೂಗಿ ನಿಂತು, ಕೆಳಗಿನ ನೆಲವನ್ನು ತಾನೇ ನೋಡಿ, ಜಾಗ ಗೊತ್ತುಮಾಡಿಕೊಂಡು ಇಳಿಯಿತು.

ಹಾಗಾದರೆ ಛಾಯೆಯ ಲೆಕ್ಕ ಹಳತಾಯಿತೇ? ಜೋಡಿ ಚಿತ್ರಕ್ಕೂ ಒಂದು ಮಿತಿ ಇದೆ. ಎರಡು ಚಿತ್ರಗಳಲ್ಲಿ ಒಂದೇ ಜಾಗವನ್ನು ಗುರುತಿಸಲು ಅದಕ್ಕೆ ಹಲವು ಚುಕ್ಕೆಗಳ ಒಂದು ತುಣುಕು ಬೇಕು. ಹಾಗಾಗಿ ಅದರ ನಕ್ಷೆ ಯಾವಾಗಲೂ ಚಿತ್ರಕ್ಕಿಂತ ಒರಟು. ದೊಡ್ಡ ಗುಡ್ಡವನ್ನು ಸರಿಯಾಗಿ ಹೇಳುತ್ತದೆ, ಲ್ಯಾಂಡರಿನ ಕಾಲು ಸಿಕ್ಕಿಕೊಳ್ಳುವಂಥ ಗುಂಡಿಯನ್ನು ನುಂಗಿಬಿಡುತ್ತದೆ. ಛಾಯೆಯದು ಇದಕ್ಕೆ ತದ್ವಿರುದ್ಧ: ಚುಕ್ಕೆಯಿಂದ ಚುಕ್ಕೆಗೆ ಬದಲಾಗುವ ಓರೆಯನ್ನು ಹಿಡಿಯುತ್ತದೆ, ದೂರ ಹೋದಂತೆ ದಾರಿ ತಪ್ಪುತ್ತದೆ. ಎರಡನ್ನೂ ಕೂಡಿಸಿದವನು ರಾಬರ್ಟ್ ಗ್ಯಾಸ್ಕೆಲ್. ಅವನ ಕ್ರಮದಿಂದ ಈರೋಸ್, ಇಟೊಕಾವಾ ಕ್ಷುದ್ರಗ್ರಹಗಳ ಆಕಾರ ಮೂಡಿತು. 2020ರ ಅಕ್ಟೋಬರ್ 20ರಂದು ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಬಂಡೆರಾಶಿಯಿಂದ ಮಣ್ಣು ಕದ್ದದ್ದೂ ಆ ಕ್ರಮದ ನಕ್ಷೆ ನಂಬಿಯೇ.

ಚಂದ್ರನ ಧ್ರುವಗಳಲ್ಲಂತೂ ಸೂರ್ಯನೇ ಎರಡನೆಯ ಸಾಕ್ಷಿ. ಮಂಜಗುಣಿಗೆ ಬಿಸಿಲು ಬೆಳಿಗ್ಗೆ ಘಟ್ಟದ ಕಡೆಯಿಂದ, ಸಂಜೆ ಕಡಲಿನ ಕಡೆಯಿಂದ. ದಕ್ಷಿಣೋತ್ತರದ ಓರೆ ಎರಡು ಹೊತ್ತೂ ಅಡಗಿಯೇ ಇರುತ್ತದೆ. ಧ್ರುವದಲ್ಲಿ ಸೂರ್ಯ ದಿಗಂತಕ್ಕೆ ಅಂಟಿಕೊಂಡು ಸುತ್ತಲೂ ಪ್ರದಕ್ಷಿಣೆ ಹಾಕುತ್ತಾನೆ. ಒಂದೇ ಜಾಗದ ಬೇರೆ ಬೇರೆ ದಿನದ ಚಿತ್ರಗಳಲ್ಲಿ ಬೆಳಕು ಬೇರೆ ಬೇರೆ ದಿಕ್ಕಿನಿಂದ ಬಂದಿರುತ್ತದೆ. ಒಂದರಲ್ಲಿ ಕತ್ತಲಾದ ಮಗ್ಗುಲು ಇನ್ನೊಂದರಲ್ಲಿ ಬೆಳಗುತ್ತದೆ. 2009ರಿಂದ ಸುತ್ತುತ್ತಿರುವ ನಾಸಾದ ಲೂನಾರ್ ರೆಕನೈಸೆನ್ಸ್ ಆರ್ಬಿಟರ್ ಇಂಥ ಚಿತ್ರಗಳನ್ನು ರಾಶಿ ಹಾಕಿದೆ. ನಾಸಾ ಏಮ್ಸ್ ಕೇಂದ್ರದ ಒಲೆಗ್ ಅಲೆಕ್ಸಾಂಡ್ರೊವ್ ಮತ್ತು ರಾಸ್ ಬೆಯರ್ ಆ ರಾಶಿಯನ್ನು ಒಟ್ಟಿಗೆ ಅರೆಯುವ ಕ್ರಮವನ್ನು 2018ರಲ್ಲಿ ಪ್ರಕಟಿಸಿದರು. ಪ್ರತಿ ಚಿತ್ರದ ಬೆಳಗು, ನೆಲದ ಬಣ್ಣ, ಮೊದಲೇ ಗೊತ್ತಿರುವ ಒರಟು ಎತ್ತರ, ಎಲ್ಲದಕ್ಕೂ ಒಪ್ಪುವ ಒಂದೇ ನೆಲವನ್ನು ಕಂಪ್ಯೂಟರ್ ಮತ್ತೆ ಮತ್ತೆ ತಿದ್ದುತ್ತ ಹುಡುಕುತ್ತದೆ. ಏಮ್ಸ್ ಸ್ಟೀರಿಯೊ ಪೈಪ್‌ಲೈನ್ ಎಂಬ ಆ ಸಾಫ್ಟ್‌ವೇರ್ ಯಾರು ಬೇಕಾದರೂ ಇಳಿಸಿಕೊಳ್ಳುವಂಥದ್ದು, ಪುಕ್ಕಟೆ. ಬ್ಯಾಲಾಳಿನ ದತ್ತಾಂಶ ಕೇಂದ್ರ ಚಂದ್ರಯಾನ-2ರ ಚಿತ್ರಗಳನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಅಂಕೋಲೆಯ ಕಾಲೇಜು ಹುಡುಗಿಯೊಬ್ಬಳು ಗಟ್ಟಿ ಕಂಪ್ಯೂಟರ್ ಮುಂದೆ ಕೂತು ಚಂದ್ರನ ಇಳಿಜಾರು ಎಣಿಸಲು ಇಂದು ಯಾರ ಅಪ್ಪಣೆಯೂ ಬೇಕಿಲ್ಲ.

ಅದೇ ಹುಡುಗಿ ತನ್ನ ಊರ ಗುಡ್ಡ ಎಣಿಸಹೊರಟರೆ ಮಾತ್ರ ಸೋಲುತ್ತಾಳೆ. 2024ರ ಜುಲೈ 16ರಂದು ಇದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಇದೇ ಗಂಗಾವಳಿಗೆ ಇಳಿದು, ಹಲವು ಜೀವ ತೆಗೆದುಕೊಂಡಿತು. ಇಳಿಜಾರು ಎಂಬ ಶಬ್ದ ಈ ಭಾಗದಲ್ಲಿ ಅಂದಿನಿಂದ ಬರೀ ಭೂಗೋಳದ ಶಬ್ದವಾಗಿ ಉಳಿದಿಲ್ಲ. ಆದರೆ ಈ ಗುಡ್ಡಗಳ ಮೈಮೇಲೆ ಹಸಿರು, ಹಸಿರಿನ ನಡುವೆ ಚಿರೆಕಲ್ಲಿನ ಕೆಂಪು, ಮಳೆಗೆ ನೆನೆದ ಮಣ್ಣು ಒಂದು ಬಣ್ಣ, ಒಣಗಿದ್ದು ಇನ್ನೊಂದು, ಮೇಲೆ ಮೂರು-ನಾಲ್ಕು ತಿಂಗಳು ಮೋಡ. ಚುಕ್ಕೆ ಬೆಳ್ಳಗಿರುವುದು ಓರೆಯಿಂದಲೋ ಎಲೆಯಿಂದಲೋ ಎಂದು ಯಾವ ಸೂತ್ರವೂ ಹೇಳಲಾರದು. ಇಲ್ಲಿ ಲೇಸರ್ ಬೇಕು, ರೇಡಾರ್ ಬೇಕು, ಗುಡ್ಡ ಹತ್ತಿ ಅಳೆಯುವವರೂ ಬೇಕು. ತಗ್ಗಿನ ಗಜನಿ ಗದ್ದೆಯವರಿಗೆ ನೀರೇ ಮಟ್ಟಗೋಲು. ಉಪ್ಪುನೀರು ಎಲ್ಲಿ ನಿಂತಿತು, ಎಲ್ಲಿ ಹರಿಯಿತು ಎಂಬುದರಲ್ಲೇ ಅಂಗುಲದ ಓರೆಯೂ ತಿಳಿಯುತ್ತದೆ. ನೀರಿಲ್ಲದ, ಗಿಡವಿಲ್ಲದ, ಗಾಳಿಯಿಲ್ಲದ, ಹೆಚ್ಚುಕಡಿಮೆ ಒಂದೇ ಬೂದು ಬಣ್ಣದ ಚಂದ್ರ ಈ ವಿದ್ಯೆಗೆ ಹೇಳಿ ಮಾಡಿಸಿದ ನೆಲ. ಮೂರೂ ಮುಕ್ಕಾಲು ಲಕ್ಷ ಕಿಲೋಮೀಟರ್ ಆಚೆಯ ದಿಬ್ಬದ ಓರೆ ಹೇಳುವುದು ಹೆದ್ದಾರಿ ಬದಿಯ ದರೆಯ ಓರೆ ಹೇಳುವುದಕ್ಕಿಂತ ಸುಲಭವಾಗಿರುವುದು ಹೀಗೆ.

ವಿಕ್ರಮ್‌ನ ಹೊಟ್ಟೆಯಿಂದ ಇಳಿದ ಪ್ರಗ್ಯಾನ್ ರೋವರ್‌ಗೆ ಎದುರಿಗೆ ಎರಡು ಕಣ್ಣುಗಳಿದ್ದವು. ಅವು ತೆಗೆದ ಜೋಡಿ ಚಿತ್ರ ಬೆಂಗಳೂರಿಗೆ ಬರಬೇಕು, ಇಲ್ಲಿ ಅದರಿಂದ ನೆಲದ ಎತ್ತರದ ನಕ್ಷೆ ಮೂಡಬೇಕು, ಆಮೇಲೆ ಮುಂದಿನ ಕೆಲವೇ ಮೀಟರ್ ನಡಿಗೆಗೆ ಆಜ್ಞೆ ಹೋಗಬೇಕು. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಬಾಯಿ ತೆರೆದುಕೊಂಡಿರುವುದು ಕಂಡಿತು. ಬಂದ ದಾರಿಯಲ್ಲೇ ತಿರುಗು ಎಂದು ಹೇಳಿ ಕಳಿಸಿದರು. ಮರುದಿನ ಇಸ್ರೋ ಎರಡು ಕಪ್ಪು-ಬಿಳುಪು ಚಿತ್ರಗಳನ್ನು ಹೊರಬಿಟ್ಟಿತು. ಒಂದರಲ್ಲಿ ಕುಳಿ. ಇನ್ನೊಂದರಲ್ಲಿ, ಓರೆ ಬಿಸಿಲಿಗೆ ಒಂದು ಅಂಚು ಬೆಳ್ಳಗೂ ಇನ್ನೊಂದು ಅಂಚು ಕಪ್ಪಗೂ ಕಾಣುತ್ತ, ರೋವರ್ ತಾನೇ ಕೊರೆದಿದ್ದ ಚಕ್ರದ ಜಾಡು.